ವಾಪಸ್ ಒಯ್ಯದ ನಾಲ್ಕು ಟ್ರೇ ಮೊಟ್ಟೆ

ನೀರಿಗೆ ಹಾಕಿದಾಗ ತೇಲಿದ ಮೊಟ್ಟೆಯೆಲ್ಲ ಕೊಳೆತದ್ದೇ ಎಂದು ಮೊದಲು ಯಾರು ಹೇಳಿದರೋ, ಆ ಪುಣ್ಯಾತ್ಮರು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಸಿಕ್ಕರೆ ಅವರನ್ನು ಮೇಡ್ಲೇರಿ ಆಚೆಯ ಆ ಹಳ್ಳಿಗೆ ಕರೆದೊಯ್ದು, ಆ ಅಂಗಳದಲ್ಲಿ, ಅಷ್ಟು ಜನರ ನಡುವೆ, ನನ್ನ ಜಾಗದಲ್ಲಿ ಒಂದು ಗಳಿಗೆ ನಿಲ್ಲಿಸಬೇಕೆಂದಿದೆ.

ರಾಣೆಬೆನ್ನೂರಿನಲ್ಲಿ ನಮ್ಮದು ಮೊಟ್ಟೆಯ ಹೋಲ್‌ಸೇಲ್ ಅಂಗಡಿ. ನಮ್ಮ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತೇವೆ, ಹಾಗಾಗಿ ನಾನು ಊರಿಗೆಲ್ಲ ತತ್ತಿ ಅಕ್ಕ. ಹಾವೇರಿ, ಬ್ಯಾಡಗಿ ಕಡೆಯ ಅಂಗಡಿಗಳನ್ನು ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ಊರೊಳಗಿನ ಖಾನಾವಳಿಗಳು, ಸಂಜೆಯ ಎಗ್ ರೈಸ್ ಗಾಡಿಗಳು, ಸುತ್ತಲಿನ ಸರ್ಕಾರಿ ಶಾಲೆಗಳು ನನ್ನ ಪಾಲು. ಶಾಲೆಯಲ್ಲಿ ಮಧ್ಯಾಹ್ನದ ಊಟದ ಜೊತೆ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡುತ್ತಾರಲ್ಲ, ಅದನ್ನು ಹೆಡ್‌ಮಾಸ್ತರರು ನಮ್ಮಂಥವರಿಂದಲೇ ಕೊಳ್ಳುತ್ತಾರೆ.

ಮಳೆಗಾಲ ಶುರುವಾಗಿತ್ತು, ಸೆಕೆ ಮಾತ್ರ ಇನ್ನೂ ಇಳಿದಿರಲಿಲ್ಲ. ಮಂಗಳವಾರ ಮಧ್ಯಾಹ್ನ ಆ ಹಳ್ಳಿಯ ಹೆಡ್‌ಮಾಸ್ತರರು ಫೋನ್ ಮಾಡಿದರು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ತಟ್ಟೆಯಲ್ಲಿದ್ದ ಮೊಟ್ಟೆ ನಾತ ಹೊಡೆಯುತ್ತಿತ್ತಂತೆ, ಬಾಯಿಗಿಟ್ಟವಳು ವಾಂತಿ ಮಾಡಿಕೊಂಡಳಂತೆ. ಈಗ ಆರಾಮಿದ್ದಾಳೆ, ಆಡಿಕೊಂಡಿದ್ದಾಳೆ ಎಂದೂ ಹೇಳಿದರು. ನಾಳೆ ಬೆಳಿಗ್ಗೆ ಬಂದು ಉಳಿದ ನಾಲ್ಕೂ ಟ್ರೇ ನೋಡುತ್ತೇನೆ, ಅಲ್ಲಿಯವರೆಗೆ ಒಂದನ್ನೂ ಬೇಯಿಸಬೇಡಿ ಎಂದು ಹೇಳಿ ಫೋನ್ ಇಟ್ಟೆ.

ಬುಧವಾರ ನಾನು ಮನೆಯಿಂದ ಗೋದಾಮಿಗೆ ಬರುವಷ್ಟರಲ್ಲಿ ವಿಡಿಯೊ ಬಂದಿತ್ತು. ನೀಲಿ ಬಣ್ಣದ ದೊಡ್ಡ ಪ್ಲಾಸ್ಟಿಕ್ ಟಬ್ಬು. ಅದರ ತುಂಬ ನೀರು, ನೀರಿನ ಮೇಲೆಲ್ಲ ಮೊಟ್ಟೆ. ಗಂಡಸಿನ ದನಿಯೊಂದು ಹೇಳುತ್ತಿತ್ತು: "ನೋಡ್ರಿ, ಒಂದರ ಮುಳುಗೇತೇನ ನೋಡ್ರಿ. ಎಲ್ಲಾ ತೇಲಾಕತ್ತಾವ. ನಮ್ಮ ಮಕ್ಕಳಿಗೆ ಇಂಥಾ ಕೊಳತ ತತ್ತಿ ತಿನ್ನಸಾಕತ್ತಾರ." ಕಳಿಸಿದವರು ಹೆಡ್‌ಮಾಸ್ತರರು. ದನಿ ಶಾಲಾ ಸಮಿತಿಯ ಅಧ್ಯಕ್ಷರದು. ಶಾಲೆಯ ಕೋಣೆ ಸೋರುತ್ತದೆ, ಇಲಿ ಬೇರೆ ಓಡಾಡುತ್ತವೆ ಎಂದು ಮೊಟ್ಟೆಯ ಟ್ರೇಗಳನ್ನು ಪಕ್ಕದಲ್ಲೇ ಇರುವ ಅಧ್ಯಕ್ಷರ ಮನೆಯಲ್ಲಿ ಇಡುವುದು ವಾಡಿಕೆ. ಪರೀಕ್ಷೆಯೂ ಅಲ್ಲಿಯೇ, ಅವರ ಅಂಗಳದಲ್ಲಿಯೇ ನಡೆದಿತ್ತು.

ಮರುಗಳಿಗೆಯಲ್ಲೇ ಬ್ಯಾಡಗಿಯಿಂದ ಯಜಮಾನರ ಫೋನು. ಮೆಣಸಿನಕಾಯಿ ಪೇಟೆಯ ಹತ್ತಿರ ಚಹಾ ಕುಡಿಯುತ್ತ ನಿಂತವರಿಗೆ ಯಾರೋ ಆ ವಿಡಿಯೊ ತೋರಿಸಿ, ಇದು ನಿಮ್ಮದೇ ಮಾಲಲ್ಲವೇ ಎಂದು ಕೇಳಿದ್ದರಂತೆ.

"ನೀ ಅಲ್ಲಿ ಹೋಗಿ ಗದ್ಲ ಮಾಡಬ್ಯಾಡ," ಎಂದರು. "ನಾಕ ಟ್ರೇ ವಾಪಸ್ ತಗೋ, ಬ್ಯಾರೆ ನಾಕ ಟ್ರೇ ಇಟ್ಟು ಬಾ. ತಪ್ಪಾತ್ರಿ ಅಂದ್ರ ಮುಗೀತು."

"ವಾಪಸ್ ತಗೊಂಡ್ರ ಎಲ್ಲಾ ಕೆಟ್ಟಿದ್ದು ಖರೇ ಅಂತ ನಾನ ಒಪ್ಪಿಕೊಂಡಂಗ ಆತಲ್ರಿ."

"ಯವ್ವಾ, ವ್ಯಾಪಾರ ಅಂದಮ್ಯಾಲೆ ನಾಕ ಮಾತು ಕೇಳಬೇಕಾಗತೈತಿ."

"ಕೇಳತೇನಿ. ನಾನೂ ನಾಕ ಮಾತು ಹೇಳತೇನಿ."

ಅವರು ಜಗಳ ಆಗದವರು. ಅದು ಅವರ ಒಳ್ಳೆಯತನ. ನಾನು ಹಾಗಲ್ಲ, ಮತ್ತು ಅದರ ಬಗ್ಗೆ ನನಗೆ ಬೇಸರವೂ ಇಲ್ಲ.

ಆದರೆ ಜಗಳಕ್ಕೆ ಹೋಗುವ ಮುಂಚೆ ನನ್ನ ಕಾಲ ಕೆಳಗಿನ ನೆಲ ಗಟ್ಟಿ ಇದೆಯೇ ಎಂದು ನೋಡಿಕೊಳ್ಳಬೇಕಿತ್ತು. ಶಾಲೆಗೆ ಸೋಮವಾರ ಕಳಿಸಿದ ಮಾಲಿನ ಉಳಿದ ಟ್ರೇಗಳು ಗೋದಾಮಿನಲ್ಲಿದ್ದವು. ಗೋದಾಮಿನ ಹಿಂದಿನ ಕೋಣೆಗೆ ಕಿಟಕಿ ಇಲ್ಲ. ಅಲ್ಲಿ ಒಂದು ತಗಡಿನ ಡಬ್ಬಿಯೊಳಗೆ ಬಲ್ಬು ಕೂರಿಸಿ, ಡಬ್ಬಿಗೆ ಮೊಟ್ಟೆಯ ದಪ್ಪ ತುದಿ ಕೂರುವಷ್ಟು ತೂತು ಕೊರೆಸಿದ್ದೇನೆ. ಬಾಗಿಲು ಮುಚ್ಚಿ, ಆ ತೂತಿಗೆ ಮೊಟ್ಟೆ ಹಿಡಿದರೆ ಅದು ಒಳಗಿನಿಂದಲೇ ಬೆಳಗುತ್ತದೆ. ದಪ್ಪ ತುದಿಯಲ್ಲಿ ಗಾಳಿಯ ಒಂದು ಸಣ್ಣ ಗೂಡು ಕಾಣುತ್ತದೆ. ಕೋಳಿ ಇಟ್ಟ ಹೊಸತರಲ್ಲಿ ಅದು ಇದ್ದೂ ಇಲ್ಲದಂತಿರುತ್ತದೆ. ದಿನ ಕಳೆದಂತೆ ಚಿಪ್ಪಿನ ಕಣ್ಣಿಗೆ ಕಾಣದ ರಂಧ್ರಗಳಿಂದ ಒಳಗಿನ ನೀರು ಆರುತ್ತದೆ, ಗಾಳಿ ಸೇರುತ್ತದೆ, ಗೂಡು ಅಗಲವಾಗುತ್ತದೆ. ಸೆಕೆಯಲ್ಲಿಟ್ಟರೆ ಇದೆಲ್ಲ ಬೇಗ ಆಗುತ್ತದೆ. ಮೊಟ್ಟೆಯನ್ನು ಚೂರು ತಿರುವಿದಾಗ ಹಳದಿಯ ನೆರಳು ನಡುವೆಯೇ ಮಂಕಾಗಿ ಹೊರಳಿದರೆ ತಾಜಾ. ಅತ್ತಿಂದಿತ್ತ ಸಡಿಲವಾಗಿ ಓಡಾಡಿದರೆ ಹಳೆಯದು. ಬೆಳಕೇ ಹಾಯದೆ ಕಪ್ಪಗೆ ಕಂಡರೆ ಅದು ಕೊಳೆತದ್ದು, ಅದನ್ನು ಒಡೆಯಲೂ ಹೋಗಬಾರದು. ಹಳೆಯದಕ್ಕೂ ಕೊಳೆತದ್ದಕ್ಕೂ ನಡುವೆ ಬಹಳ ದೂರವಿದೆ, ನನ್ನ ಇಡೀ ವ್ಯಾಪಾರ ನಡೆಯುವುದು ಆ ದೂರದಲ್ಲಿಯೇ.

ಮೊದಲ ಟ್ರೇಯಲ್ಲಿ ಎಲ್ಲವೂ ಸರಿಯಿದ್ದವು. ನಾನು ಆಗಲೇ ಮನಸ್ಸಿನಲ್ಲಿ ಅಧ್ಯಕ್ಷರಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸತೊಡಗಿದ್ದೆ. ಎರಡನೆಯ ಟ್ರೇಯಲ್ಲಿ ಕೈ ನಿಂತಿತು. ಮೂಲೆಯ ಕೆಲವು ಮೊಟ್ಟೆಗಳಲ್ಲಿ ಗಾಳಿಯ ಗೂಡು ಇರಬೇಕಾದದ್ದಕ್ಕಿಂತ ದುಪ್ಪಟ್ಟು ಇತ್ತು. ಮುಂದಿನ ಟ್ರೇಯಲ್ಲೂ ಅಂಥವು ಸಿಕ್ಕವು. ಕೊಳೆತದ್ದು ಒಂದೂ ಇರಲಿಲ್ಲ, ಆದರೆ ಇವು ಒಂದೇ ದಿನದ ಮಾಲಲ್ಲ ಎನ್ನುವುದು ಎದ್ದು ಕಾಣುತ್ತಿತ್ತು.

ನಮಗೆ ಮಾಲು ಕಳಿಸುವ ಕೋಳಿ ಫಾರ್ಮಿನ ಮಾಲೀಕರಿಗೆ ಫೋನ್ ಹಚ್ಚಿದೆ. ಹೊಸ ಮಾಲಿನಲ್ಲಿ ಹಳೆಯದು ಬೆರೆಸಿದ್ದೀರಿ ಎಂದೆ.

"ಛೇ, ಎಲ್ಲೀದ್ರಿ ಅಕ್ಕಾರ, ನಮ್ಮಲ್ಲಿ ಅಂದಿಂದು ಅಂದ ಖಾಲಿ."

"ತತ್ತಿ ನನ್ನ ಕೈಯಾಗ ಐತ್ರಿ, ಬೆಳಕಿನ್ಯಾಗ ನೋಡಾಕತ್ತೇನಿ. ನನ್ನ ಮುಂದ ಸುಳ್ಳ ಹೇಳಬ್ಯಾಡ್ರಿ."

ಆಗ ದನಿ ಇಳಿಸಿ, ಹಿಂದಿನ ವಾರ ಯಾರದೋ ಗಾಡಿ ಬರಲಿಲ್ಲ, ಉಳಿದದ್ದನ್ನು ಹುಡುಗರು ನಡುವೆ ತುಂಬಿರಬೇಕು, ಅವೇನೂ ಕೆಟ್ಟವಲ್ಲ ಎಂದರು. ಹೌದು, ಕೆಟ್ಟವಲ್ಲ. ಆದರೆ ಅವುಗಳಲ್ಲಿ ಒಂದಕ್ಕೆ ಕೂದಲೆಳೆಯಷ್ಟು ಬಿರುಕು ಬಿದ್ದಿದ್ದರೂ ಸಾಕು, ಈ ಸೆಕೆಯಲ್ಲಿ ಕೊಳೆಯುತ್ತದೆ. ಆ ಹುಡುಗಿಯ ತಟ್ಟೆಗೆ ಹೋದದ್ದು ಅಂಥದ್ದೇ ಇರಬೇಕು. ನಿಮ್ಮ ಲೆಕ್ಕ ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಫೋನ್ ಇಟ್ಟೆ.

ಈಗ ನನ್ನ ಸ್ಥಿತಿ ಹೀಗಿತ್ತು: ಮಾಲು ಪೂರ್ತಿ ಚಿನ್ನ ಎಂದು ಎದೆ ತಟ್ಟಿ ಹೇಳುವಂತಿಲ್ಲ. ಪೂರ್ತಿ ಕೊಳೆತಿದೆ ಎನ್ನುವುದನ್ನು ಕೇಳಿಸಿಕೊಂಡು ಸುಮ್ಮನಿರುವಂತೆಯೂ ಇಲ್ಲ. ಗಾಡಿಯಲ್ಲಿ ಕೂತು ಮೇಡ್ಲೇರಿ ರಸ್ತೆ ಹಿಡಿದೆವು. ಗಾಡಿಯನ್ನು ನಮ್ಮ ಡ್ರೈವರ್ ಚಾಚಾ ಓಡಿಸುತ್ತಿದ್ದರು, ನಾನು ಆ ವಿಡಿಯೊವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೆ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಹೊಳೆಯ ಕಡೆಯ ಗದ್ದೆಗಳು ಕಾಣತೊಡಗಿದಾಗ ತಿಳಿಯಿತು. ಎಲ್ಲ ಮೊಟ್ಟೆಗಳೂ ಒಂದೇ ಸಮ ತೇಲುತ್ತಿದ್ದವು. ಹೊಸದು, ಹಳೆಯದು ಬೆರೆತ ಮಾಲು ನೀರಿನಲ್ಲಿ ಹಾಗೆ ವರ್ತಿಸುವುದಿಲ್ಲ. ತಾಜಾ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ. ಸ್ವಲ್ಪ ದಿನವಾದದ್ದು ತಳದಲ್ಲಿಯೇ ದಪ್ಪ ತುದಿ ಎತ್ತಿ ನಿಲ್ಲುತ್ತದೆ. ತೀರ ಹಳೆಯದು ಮಾತ್ರ ಮೇಲೆ ಬರುತ್ತದೆ. ಟ್ರೇಗಟ್ಟಲೆ ಮೊಟ್ಟೆ ಒಪ್ಪಂದ ಮಾಡಿಕೊಂಡವರ ಹಾಗೆ ಒಟ್ಟಿಗೆ ಮೇಲೆದ್ದು ಬರುವುದನ್ನು ನಾನು ಎಂದೂ ಕಂಡಿರಲಿಲ್ಲ.

ಅಧ್ಯಕ್ಷರ ಅಂಗಳದಲ್ಲಿ ಜನ ಸೇರಿದ್ದರು. ಹೆಚ್ಚಿನವರು ಮಕ್ಕಳ ತಾಯಂದಿರು. ಹೆಡ್‌ಮಾಸ್ತರರು ಕಂಬದ ಪಕ್ಕ ನಿಂತು, ನನ್ನನ್ನು ಕಂಡು ಕಣ್ಣಲ್ಲೇ ನಮಸ್ಕಾರ ಮಾಡಿದರು. ಅಧ್ಯಕ್ಷರು ಬೀಜದ ಕಂಪನಿಗಳಿಗೆ ಬೀಜ ಬೆಳೆದುಕೊಡುವ ರೈತರು, ಊರಲ್ಲಿ ಮಾತಿಗೆ ತೂಕವಿದ್ದವರು. ಟ್ರೇಗಳನ್ನು ಕಟ್ಟೆಯ ಮೇಲೆ ಜೋಡಿಸಿಟ್ಟಿದ್ದರು. ಬೇಕಾದವನ್ನಷ್ಟೇ ಆರಿಸಿ ಹಾಕಿದರು ಎಂದು ಯಾರೂ ಅನ್ನಬಾರದೆಂದು ನಾಲ್ಕೂ ಟ್ರೇಯ ಮೊಟ್ಟೆಗಳನ್ನು ಸರದಿಯಂತೆ ಆ ಟಬ್ಬಿಗೆ ಹಾಕಿ ತೆಗೆದಿದ್ದರಂತೆ. ಚಿಪ್ಪುಗಳು ಇನ್ನೂ ತೇವವಾಗಿದ್ದವು.

"ಬಂದ್ರಿ? ಇವನ್ನ ಗಾಡಿಗೆ ಹಾಕ್ಕೊಳ್ರಿ," ಎಂದರು ಅಧ್ಯಕ್ಷರು. "ಮತ್ತ, ಮಾಲು ಕೆಟ್ಟಿತ್ತು ಅಂತ ಎರಡ ಸಾಲು ಬರದು ಕೊಟ್ಟು ಹೋಗ್ರಿ. ನಮಗ ನಿಮ್ಮ ಕೂಡ ವೈರ ಇಲ್ಲ."

"ಬರದೂ ಕೊಡಂಗಿಲ್ಲ, ಒಂದು ಟ್ರೇನೂ ಗಾಡಿಗೆ ಏರಂಗಿಲ್ರಿ. ಮೊದಲ ನನ್ನ ಮುಂದ ಬ್ಯಾರೆ ನೀರಿನ್ಯಾಗ ಹಾಕ್ರಿ."

"ನೀರು ಅಂದ್ರ ನೀರ. ಅದರಾಗ ನಿಮ್ಮ ನೀರು, ನಮ್ಮ ನೀರು ಅಂತ ಐತೇನು?"

ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕಟ್ಟೆಯ ಮೇಲೆ, ಟ್ರೇಗಳ ಪಕ್ಕದಲ್ಲಿಯೇ ಕುಳಿತುಬಿಟ್ಟೆ. ಇದು ಇತ್ಯರ್ಥವಾಗುವವರೆಗೆ ಇಲ್ಲಿಂದ ಏಳುವುದಿಲ್ಲ, ಬೇಕಾದರೆ ಅದನ್ನೂ ವಿಡಿಯೊ ಮಾಡಿಕೊಳ್ಳಿ ಎಂದೆ. ಯಾರೋ ನಿಜವಾಗಿಯೂ ಫೋನ್ ಎತ್ತಿ ಹಿಡಿದರು.

ನಾನು ಕುಳಿತ ಜಾಗಕ್ಕೆ ಟಬ್ಬು ಹತ್ತಿರದಲ್ಲಿತ್ತು. ನೀರು ತುಸು ಕಲಕಿದಂತಿತ್ತು. ಟಬ್ಬಿನ ಅಂಚಿನಲ್ಲಿ ನೀರಿನ ಗೆರೆಗುಂಟ ಹೊಟ್ಟಿನಂಥದು ಅಂಟಿಕೊಂಡಿತ್ತು. ಬಗ್ಗಿ ಉಗುರಿನಿಂದ ಎಬ್ಬಿಸಿ ಅಂಗೈಯಲ್ಲಿ ಹಾಕಿಕೊಂಡೆ. ಭತ್ತದ ಜೊಳ್ಳು. ಬೆರಳನ್ನು ಆ ನೀರಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಹೇಸಿಗೆ ಕೆಲಸವೇ, ಆದರೆ ಆ ಹೊತ್ತಿಗೆ ಅದಲ್ಲದೆ ಬೇರೆ ದಾರಿ ತೋಚಲಿಲ್ಲ. ನಾಲಿಗೆ ಚುರುಗುಟ್ಟುವಷ್ಟು ಉಪ್ಪು.

ಹೊಳೆಸಾಲಿನ ಊರುಗಳಲ್ಲಿ ಭತ್ತದ ಬೀಜವನ್ನು ಸಸಿಮಡಿಗೆ ಹಾಕುವ ಮೊದಲು ಉಪ್ಪುನೀರಿಗೆ ಸುರಿಯುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ನೀರಿಗೆ ಎಷ್ಟು ಉಪ್ಪು ಬೇಕೆಂಬುದಕ್ಕೆ ಅಳತೆ ಮೊಟ್ಟೆಯೇ. ಒಂದು ತಾಜಾ ಮೊಟ್ಟೆಯನ್ನು ನೀರಿಗೆ ಬಿಟ್ಟು, ಅದು ತಳ ಬಿಟ್ಟು ಮೇಲೆ ಬಂದು ತೇಲುವವರೆಗೂ ಉಪ್ಪು ಕಲಸುತ್ತ ಹೋಗುತ್ತಾರೆ. ಸಸಿಮಡಿಯ ಹಂಗಾಮಿನಲ್ಲಿ, ಜನ್ಮದಲ್ಲಿ ಮೊಟ್ಟೆ ಮುಟ್ಟದ ಮನೆತನದವರೂ ನನ್ನ ಅಂಗಡಿಗೆ ಬಂದು, ಒಂದೇ ಒಂದು ಕೊಡಿ, ಆದರೆ ಇವತ್ತಿನದೇ ಆಗಬೇಕು ಎಂದು ಕೇಳಿ ಒಯ್ಯುತ್ತಾರೆ. ಅಂದರೆ ನನ್ನ ಮಾಲಿಗೆ ಪರೀಕ್ಷೆ ನಡೆದದ್ದು, ತಾಜಾ ಮೊಟ್ಟೆ ತೇಲಲೆಂದೇ ಹದ ಮಾಡಿಟ್ಟ ನೀರಿನಲ್ಲಿ.

"ಅಧ್ಯಕ್ಷರ, ಈ ಟಬ್ಬಿನ್ಯಾಗ ಬೀಜದ ಭತ್ತ ಯಾವಾಗ ಹಾಕಿದ್ರಿ?" ಎಂದು ಕೇಳಿದೆ.

"ನಾ ಎಲ್ಲಿ ಹಾಕೇನಿ? ನಿನ್ನೆ ಇಡೀ ದಿನ ನಾ ಹಾವೇರ್ಯಾಗ ಇದ್ದೆ."

ಉತ್ತರ ಬಂದದ್ದು ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದ ಅವರ ತಾಯಿಯಿಂದ. "ನಿನ್ನ ತಮ್ಮ ಹಾಕಿದ್ನಲ್ಲೋ ನಿನ್ನೆ ಸಂಜಿಕೆ. ಇನ್ನೊಂದು ಚೀಲ ಐತಿ, ಉಪ್ಪಿನ ನೀರು ಚೆಲ್ಲಬ್ಯಾಡ್ರಿ ಅಂತ ಹೇಳಿ ಹೋಗ್ಯಾನ. ನೀ ಕೇಳಿದ್ರ ಹೇಳತಿದ್ದೆ, ನೀ ಎಲ್ಲಿ ಕೇಳಿದಿ."

ಅಧ್ಯಕ್ಷರು ಟಬ್ಬಿನ ಹತ್ತಿರ ಬಂದು, ಅವರೂ ಬೆರಳು ಅದ್ದಿ ನೋಡಿದರು. ಎಷ್ಟು ವರ್ಷಗಳಿಂದ ಬೀಜ ಮಾಡಿದ ಕೈಯೋ ಅದು, ನಾನು ಏನೂ ವಿವರಿಸಬೇಕಾಗಲಿಲ್ಲ. ಮುಖ ಕೆಂಪಾಯಿತು. ಆದರೆ ಊರ ಜನರ ಮುಂದೆ ಸೋಲುವುದೆಂದರೆ ಯಾರಿಗೂ ಸುಲಭವಲ್ಲ.

"ಆತು, ನೀರು ಉಪ್ಪಿಂದು ಅನ್ರಿ. ಹಂಗಾರ ಆ ಹುಡಿಗಿ ತಿಂದ ತತ್ತಿ? ಅದನ್ನೂ ಉಪ್ಪಿನ ನೀರ ಕೆಡಿಸೇತೇನು?"

ಕೇಳಬೇಕಾದ ಪ್ರಶ್ನೆಯೇ. ಜನ ಮತ್ತೆ ನನ್ನ ಕಡೆ ತಿರುಗಿದರು. ಇಲ್ಲಿ ನುಣುಚಿಕೊಳ್ಳುವ ದಾರಿ ಇತ್ತು. ನೀವು ಸರಿಯಾಗಿ ಇಟ್ಟಿಲ್ಲ, ನಿಮ್ಮ ಕೋಣೆಯ ಸೆಕೆಗೆ ಕೆಟ್ಟಿದೆ ಎನ್ನಬಹುದಿತ್ತು. ಅದರಲ್ಲಿ ಅರ್ಧ ಸತ್ಯವೂ ಇತ್ತು.

"ಅದು ಕೆಟ್ಟಿತ್ತು. ನಂದ ಅದು. ನನ್ನ ಮಾಲಿನ್ಯಾಗ ಹಳೇವು ಸೇರ್ಯಾವು, ಇವತ್ತ ಮುಂಜಾನೆ ನೋಡೇನಿ. ಒಂದು ಕೆಟ್ಟಿದ್ದು ಖರೇ ಐತ್ರಿ. ನಾಕ ಟ್ರೇ ಕೆಟ್ಟಾವ ಅನ್ನೂದು ಸುಳ್ಳ. ಖರೇದಕ್ಕ ನಾ ತಲಿ ಬಾಗಿಸ್ತೇನಿ, ಸುಳ್ಳಿಗೆ ಬಾಗ್ಸಂಗಿಲ್ಲ."

ಶಾಲೆಯ ಮುಖ್ಯ ಅಡುಗೆಯವರು ಅಷ್ಟರಲ್ಲಿ ಅನ್ನದ ದೊಡ್ಡ ಬೋಗುಣಿಯನ್ನು ತಂದು ಅಂಗಳದ ನಡುವೆ ಇಟ್ಟಿದ್ದರು. ನಲ್ಲಿಯಿಂದ ಎಲ್ಲರೆದುರೇ ನೀರು ತುಂಬಿಸಿ, ಅಧ್ಯಕ್ಷರಿಂದಲೇ ರುಚಿ ನೋಡಿಸಿದೆ. ನಂತರ ಒಂದೊಂದೇ ಮೊಟ್ಟೆಯನ್ನು ನೀರಿನೊಳಗೆ ಕೈಯಿಟ್ಟು ಬಿಡುತ್ತ ಹೋದೆ. ಮೇಲಿನಿಂದ ಹಾಕಿದರೆ ತಳಕ್ಕೆ ಬಡಿದು ಬಿರುಕು ಬಿಡುತ್ತವೆ. ಮೊದಲನೆಯದು ಕೆಳಗೆ ಹೋಗಿ ಅಡ್ಡ ಮಲಗಿತು. ಎರಡನೆಯದೂ ಮಲಗಿತು. ಗುಂಪಿನಲ್ಲಿ ಗುಜುಗುಜು ಶುರುವಾಯಿತು. ನನ್ನ ಎದೆ ಹಗುರಾಗುತ್ತ ಬಂತು. ಆಮೇಲೆ ಒಂದು ತಳದಲ್ಲಿ ನೆಟ್ಟಗೆ ನಿಂತಿತು. ಇನ್ನೊಂದು ನಿಂತಿತು. ಅದಾದ ಮೇಲೆ ಒಂದು ಮೊಟ್ಟೆ ನನ್ನ ಬೆರಳುಗಳ ನಡುವಿನಿಂದ ಜಾರಿ ಮೇಲಕ್ಕೇ ಬಂತು.

"ಮತ್ತ ಇದೇನ್ರಿ?" ಎಂದರು ಅಧ್ಯಕ್ಷರು. ದನಿಯಲ್ಲಿ ಜೀವ ಬಂದಿತ್ತು.

ತೇಲಿದವು ಅದೂ ಸೇರಿ ಆರು. ಅವನ್ನು ಬದಿಗಿಟ್ಟೆ. ನಿಂತವನ್ನು ಒಂದು ಟ್ರೇಯಲ್ಲಿ, ಮಲಗಿದವನ್ನು ಇನ್ನುಳಿದವುಗಳಲ್ಲಿ ಜೋಡಿಸಿದೆ. ತೇಲಿದವೆಲ್ಲ ಕೊಳೆತವೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು, ನನಗೆ ಅದನ್ನು ಹಾಗೆಯೇ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಅಧ್ಯಕ್ಷರ ಮನೆಯ ಬೀಜದ ಕೋಣೆ ನನ್ನ ಗೋದಾಮಿನ ಕೋಣೆಯಷ್ಟೇ ಕತ್ತಲಾಗಿತ್ತು. ನೋಡುವವರು ಒಳಗೆ ಬನ್ನಿ ಎಂದೆ. ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಫೋನಿನ ಟಾರ್ಚ್ ಹಾಕಿ, ಅದರ ಮೇಲೆ ರಟ್ಟಿನ ಸುರುಳಿ ಇಟ್ಟು, ಮೊದಲು ಮಲಗಿದ್ದ ಒಂದು ಮೊಟ್ಟೆಯನ್ನು ಹಿಡಿದೆ. ಹೆಂಗಸರು ಸುತ್ತ ಬಗ್ಗಿದರು. ದಿನವೂ ಮೊಟ್ಟೆ ಬೇಯಿಸುವವರೂ ಅದನ್ನು ಒಳಗಿನಿಂದ ಬೆಳಗಿ ನೋಡಿದವರಲ್ಲ. "ಅಯ್ಯ ಶಿವನ, ಎಷ್ಟ ಚಂದ ಐತಿ," ಎಂದಳು ಒಬ್ಬಳು. ಗಾಳಿಯ ಗೂಡು ತೋರಿಸಿದೆ, ಹಳದಿ ಹೊರಳುವುದನ್ನು ತೋರಿಸಿದೆ. ಆಮೇಲೆ ನಿಂತ ಮೊಟ್ಟೆ. ಗೂಡು ದೊಡ್ಡದು, ಉಳಿದದ್ದು ತಿಳಿ. ಇದು ಹಳೆಯದು, ಕೆಟ್ಟಿಲ್ಲ, ಆದರೆ ಇವತ್ತೇ ಬೇಯಿಸಿ ತಿನ್ನಬೇಕು ಎಂದೆ.

ತೇಲಿದ ಆರರಲ್ಲಿ ಐದು ಬೆಳಕಿಗೆ ತಿಳಿಯಾಗಿಯೇ ಕಂಡವು. ಆರನೆಯದು ಬೆಳಗಲಿಲ್ಲ. ಬೆಳಕಿನ ಮೇಲೆ ಕಲ್ಲು ಇಟ್ಟ ಹಾಗೆ ಕೋಣೆ ಕತ್ತಲಾಯಿತು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು, ಅಲ್ಲಿಯವರೆಗೆ ಬಾಯಿ ಬಿಡದವಳು, ಕೇಳಿದಳು:

"ನನ್ನ ಮಗಳ ಪಾಲಿಗೆ ಬಂದದ್ದು ಇಂಥಾದ ಏನ್ರಿ?"

ಅವಳೇ ಆ ಹುಡುಗಿಯ ತಾಯಿ ಎಂದು ನನಗೆ ಆಗ ಗೊತ್ತಾಯಿತು.

"ಇಂಥಾದರಿ," ಎಂದೆ. ಅವಳು ಆ ಕಪ್ಪು ಮೊಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ ಹೊರಗೆ ಹೋದಳು.

ಅಂಗಳಕ್ಕೆ ಬಂದು ಆ ಒಂದನ್ನು ಒಡೆಯದೆ ತಿಪ್ಪೆಯ ಬದಿ ಗುಂಡಿ ತೆಗೆಸಿ ಹುಗಿಸಿದೆ. ಉಳಿದ ಐದನ್ನು ಬೇರೆ ಬೇರೆ ತಟ್ಟೆಗಳಿಗೆ ಒಡೆದು, ವಾಸನೆ ನೋಡಿ ಎಂದು ಮುಂದಿಟ್ಟೆ. ಬಿಳಿಯ ಭಾಗ ನೀರಾಗಿ ಹರಡಿತ್ತು, ಹಳದಿ ಚಪ್ಪಟೆಯಾಗಿತ್ತು, ನಾತ ಮಾತ್ರ ಇರಲಿಲ್ಲ. ಅಧ್ಯಕ್ಷರೇ ಮೂಗು ಹತ್ತಿರ ತಂದು ನೋಡಿ, ಇಲ್ಲ ಎಂದು ತಲೆಯಾಡಿಸಿದರು. ತೇಲಿತು ಅಂದರೆ ಹಳೆಯದು, ಕೊಳೆತಿದೆಯೋ ಇಲ್ಲವೋ ಬೆಳಕು ಮತ್ತು ಮೂಗು ಹೇಳಬೇಕು ಎಂದೆ. ಆದರೂ ಮಕ್ಕಳ ತಟ್ಟೆಗೆ ಇವು ಬೇಡ ಎಂದು ಐದನ್ನೂ ನಾನೇ ಚೆಲ್ಲಿದೆ. ಉಳಿದ ಅಷ್ಟೂ ಮೊಟ್ಟೆಗಳನ್ನು ಒಂದನ್ನೂ ಬಿಡದೆ ಬೆಳಕಿಗೆ ಹಿಡಿದದ್ದಾಯಿತು. ಬಿರುಕು ಕಂಡ ಒಂದೆರಡನ್ನು ತೆಗೆದದ್ದಾಯಿತು. ಶಾಲೆಯಲ್ಲಿ ಅನ್ನ ಸಾರು ಆಗಲೇ ಇಳಿದಿತ್ತು. ಅಡುಗೆಯವರು ಮೊಟ್ಟೆಗೆ ಎಸರು ಇಡಲು ಎದ್ದರು.

ಆಗ ತಾಲ್ಲೂಕಿನಿಂದ ಹೆಡ್‌ಮಾಸ್ತರರಿಗೆ ಫೋನ್ ಬಂತು. ಬಿಸಿಯೂಟದ ವ್ಯವಸ್ಥೆ ನೋಡಿಕೊಳ್ಳುವ ಸಾಹೇಬರು. ಮಾಸ್ತರರು ನಡೆದದ್ದನ್ನೆಲ್ಲ ಹೇಳಿ, ಫೋನಿನ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

"ನೋಡ್ರಿ ಮ್ಯಾಡಂ, ನೀವು ಹೇಳೂದು ಖರೇನ ಇರಬಹುದು. ಆದ್ರ ವಿಡಿಯೊ ಎಲ್ಲಾ ಕಡೆ ಹೋಗೇತಿ. ಆ ಮಾಲು ಸಾಲ್ಯಾಗ ಬೇಯಿಸೂದು ಬ್ಯಾಡ. ಒಂದು ಕ್ವಾಣ್ಯಾಗ ಇಟ್ಟು ಕೀಲಿ ಹಾಕ್ರಿ, ನಾಳೆ ನಾಡಿದ್ದು ನಾ ಬಂದು ಪಂಚನಾಮೆ ಮಾಡತೇನಿ. ಇಲ್ಲಾಂದ್ರ ನೀವು ವಾಪಸ್ ಒಯ್ದು ಸುಮ್ಮನಾಗ್ರಿ."

"ಸಾಹೇಬ್ರ, ಕೀಲಿ ಹಾಕಿದ್ರ ಇವು ಖರೇನ ಕೆಡತಾವ್ರಿ," ಎಂದೆ. ಮೊಟ್ಟೆಯ ಚಿಪ್ಪಿನ ಮೇಲೆ ಹುಟ್ಟುತ್ತಲೇ ಬಂದ ತೆಳ್ಳನೆಯ ಒಂದು ಪೊರೆ ಇರುತ್ತದೆ, ಹೊರಗಿನ ಹೊಲಸು ಒಳಗೆ ಹೋಗದಂತೆ ತಡೆಯುವುದು ಅದೇ. ಇವು ಎರಡು ಸಲ ನೀರಿಗೆ ಬಿದ್ದಿವೆ, ಅದರಲ್ಲೊಂದು ಜೊಳ್ಳಿನ ನೀರು. ಕೈಯಲ್ಲಿ ತಿಕ್ಕಿಸಿಕೊಂಡಿವೆ. ಆ ಪೊರೆ ಈಗ ಉಳಿದಿಲ್ಲ. ಈ ಸೆಕೆಯಲ್ಲಿ, ಮುಚ್ಚಿದ ಕೋಣೆಯಲ್ಲಿಟ್ಟರೆ ನೀವು ಬರುವ ಹೊತ್ತಿಗೆ ಸುಳ್ಳು ವಿಡಿಯೊ ನಿಜವಾಗಿರುತ್ತದೆ. ಇದನ್ನೆಲ್ಲ ಹೇಳಿದೆ.

"ಹಂಗಾರ ವಾಪಸ್ ಒಯ್ರಿ."

"ಒಯ್ಯಂಗಿಲ್ರಿ. ಮಕ್ಕಳಿಗೆ ಅಂತ ತಂದದ್ದು, ಮಕ್ಕಳ ತಾಯಂದ್ರ ಮುಂದ ಆರಿಸೇನಿ. ಗಾಡ್ಯಾಗ ಹೇರಿಕೊಂಡು ಈ ಊರ ದಾಟಿದ್ರ ನಾ ಕಳ್ಳಿ ಆಗತೇನಿ."

"ನಿಮ್ಮ ಸಪ್ಲೈ ನಿಂತರ ನನ್ನ ಕೇಳಬ್ಯಾಡ್ರಿ."

"ಕೇಳಂಗಿಲ್ರಿ."

ಫೋನ್ ಕಟ್ಟಾಯಿತು. ಹೆಡ್‌ಮಾಸ್ತರರು ಬೆವರು ಒರೆಸಿಕೊಂಡರು. "ಅಕ್ಕಾರ, ನನ್ನ ಕಣ್ಣಿಂದ ನೋಡೇನಿ, ನಂಗೇನ ಸಂಶೇ ಇಲ್ಲ. ಆದ್ರ ಬ್ಯಾಡ ಅಂದಮ್ಯಾಲೆ ಸಾಲಿ ಒಲಿ ಮ್ಯಾಲೆ ಇಡಾಕ ಬರಂಗಿಲ್ಲ," ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನೌಕರಿಯವರ ಕಷ್ಟ ನೌಕರಿಯವರಿಗೆ. ಸಿಟ್ಟು ಬಂದದ್ದು ಬೇರೆಯದಕ್ಕೆ. ಬೆಳಗಿನಿಂದ ಇಷ್ಟೆಲ್ಲ ಮಾಡಿ, ಒಳ್ಳೆಯದೆಂದು ಎಲ್ಲರ ಕಣ್ಣಿಗೂ ತೋರಿಸಿದ ಮೇಲೆ, ಈ ಮೊಟ್ಟೆಗಳು ಸಂಜೆಯೊಳಗೆ ತಿಪ್ಪೆ ಸೇರುತ್ತವೆ, ಊರವರ ನೆನಪಿನಲ್ಲಿ ಉಳಿಯುವುದು ಆ ನೀಲಿ ಟಬ್ಬು ಮಾತ್ರ. ಅಳು ಬರುವ ಹಾಗಾಗಿತ್ತು, ಹಲ್ಲು ಕಚ್ಚಿ ತಡೆದುಕೊಂಡೆ. ಅಧ್ಯಕ್ಷರು ಟಬ್ಬನ್ನು ಎಳೆದು ಗೋಡೆಯ ಬದಿಗಿಡುತ್ತಿದ್ದರು.

ನಾನು ಕಟ್ಟೆಯಿಂದ ಎದ್ದು ತಾಯಂದಿರ ಕಡೆ ತಿರುಗಿದೆ. "ಸಾಲಿ ಒಲಿಗೆ ಬ್ಯಾಡ ಅಂದಾರ. ನಿಮ್ಮ ಒಲಿಗೆ ಯಾರೂ ಬ್ಯಾಡ ಅಂದಿಲ್ಲ. ಈ ಮಾಲಿನ ಲೆಕ್ಕ ಸಾಲಿಗೆ ಹಚ್ಚಂಗಿಲ್ಲ, ಇದು ನಂದು. ನಂಬಿಕಿ ಇದ್ದವರು ಒಯ್ರಿ. ನೀರು ಕುದಿಯಾಕ ಹತ್ತಿದಮ್ಯಾಲೆ ಹತ್ತು ನಿಮಿಷ ಬಿಡ್ರಿ, ಇವತ್ತ ತಿನ್ನಸ್ರಿ, ನಾಳಿಗೆ ಇಡಬ್ಯಾಡ್ರಿ. ನಂಬಿಕಿ ಇಲ್ಲದವರು ಇಲ್ಲೇ ಬಿಡ್ರಿ, ನಾನ ಒಡದು ಹುಗದು ಹೋಗತೇನಿ. ವಾಪಸ್ ಅಂತೂ ಒಯ್ಯಂಗಿಲ್ಲ."

ಹೇಳಿದ್ದಾಯಿತು. ಯಾರೂ ಕದಲಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಡ್‌ಮಾಸ್ತರರು ಗಡಿಯಾರ ನೋಡಿದರು. ಅಡುಗೆಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. ಚಾಚಾ ಗಾಡಿಯ ಬಳಿಯಿಂದ ನನ್ನನ್ನು ನೋಡುತ್ತಿದ್ದರು. ಟ್ರೇ ಹೇರಬೇಕೋ ಬೇಡವೋ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಆ ನಿಂತ ಗಳಿಗೆಯಲ್ಲಿ ನಾನು ಸೋತೆ ಎಂದೇ ನನಗನ್ನಿಸಿತು. ಆದರೂ ಬೇಡಿಕೊಳ್ಳಲಿಲ್ಲ.

ಗುಂಪನ್ನು ಸರಿಸಿಕೊಂಡು ಆ ಹುಡುಗಿಯ ತಾಯಿ ಮುಂದೆ ಬಂದಳು. ಟ್ರೇಗಳ ಎದುರು ನಿಂತು ಸೆರಗು ಒಡ್ಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನಾನು ಮಲಗಿದ್ದ ಮೊಟ್ಟೆಗಳ ಟ್ರೇಯಿಂದ ಒಂದನ್ನು ತೆಗೆದು ಅವಳ ಸೆರಗಿಗೆ ಹಾಕಿದೆ. ಅವಳು ಸೆರಗನ್ನು ಮುಚ್ಚಲಿಲ್ಲ, ಅಲ್ಲಿಂದ ಸರಿಯಲೂ ಇಲ್ಲ.

"ಇನ್ನೊಂದು ಹಾಕ್ರಿ," ಎಂದಳು. "ನಿನ್ನೇದು ಬಾಕಿ ಐತಿ."